ಜೋನಿಯ ಜೊತೆ ಎರಡು ರಾತ್ರಿ: ಸಕಲೇಶಪುರದ ಒಂದು ತೋಟದ ಮನೆ

ಸಕಲೇಶಪುರ ತಾಲ್ಲೂಕಿನ ಐದು ಹೋಂಸ್ಟೇಗಳಿಗೆ ಕರೆ ಮಾಡಿದ್ದೆವು. ನಾಲ್ಕು ಕಡೆಯವರು ನಾಯಿ ಯಾವ ಜಾತಿಯದು, ಎಷ್ಟು ದೊಡ್ಡದು, ಮಂಚ ಹತ್ತುತ್ತದೆಯೇ ಎಂದು ವಿಚಾರಿಸಿ, ಅದಕ್ಕೆ ಹೆಚ್ಚುವರಿ ಎಷ್ಟು ಕೊಡಬೇಕೆಂದು ತಿಳಿಸಿದರು. ಐದನೆಯ ಮನೆಯಲ್ಲಿ ಫೋನ್ ಎತ್ತಿಕೊಂಡ ಹೆಂಗಸು ಜಾತಿಯನ್ನೂ ಕೇಳಲಿಲ್ಲ, ಗಾತ್ರವನ್ನೂ ಕೇಳಲಿಲ್ಲ, "ನಿಮ್ಮ ನಾಯಿ ಕೋಳಿ ಹಿಡಿಯುತ್ತಾ?" ಎಂದರು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದದ್ದು, ಕೋಳಿಯನ್ನು ಅಂಗಡಿಯ ಪಂಜರದೊಳಗಲ್ಲದೆ ಬೇರೆಲ್ಲೂ ನೋಡಿಲ್ಲ, ಹಾಗಾಗಿ ಗೊತ್ತಿಲ್ಲ ಎಂದೆ. "ಹಾಗಾದ್ರೆ ಹಿಡಿಯುತ್ತೆ ಅಂತಲೇ ಇಟ್ಕೊಳ್ಳೋಣ. ನೀವು ಬರೋ ಹೊತ್ತಿಗೆ ಕೋಳಿ ಕೂಡಿರ್ತೀನಿ" ಎಂದರು. ಆ ಮಾತಿನ ಮೇಲೆಯೇ ಕೋಣೆ ಗೊತ್ತುಮಾಡಿದೆವು, ಬಾಡಿಗೆ ಕೇಳಿದ್ದು ಆಮೇಲೆ.

ಮನೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರಲ್ಲಿರುವುದು ನಾಲ್ಕೇ ಕೋಣೆ, ಅದರಲ್ಲಿ ನಾಯಿಯೊಂದಿಗೆ ಇರಬಹುದಾದದ್ದು ಒಂದೇ. ಜೊತೆಗೆ ನನಗೆ ಅವರ ಮೇಲೆ ಒಂದು ದೂರೂ ಇದೆ, ಅದನ್ನು ಹೆಸರು ಹಿಡಿದು ಹೇಳುವುದು ಸರಿಯಲ್ಲ. ಆದರೆ ನಾಯಿಯನ್ನು ಕರೆದುಕೊಂಡು ಮಲೆನಾಡಿನ ತೋಟದ ಮನೆಗೆ ಎರಡು ದಿನ ಹೋಗಬೇಕೆನ್ನುವವರು ಏನನ್ನು ನಿರೀಕ್ಷಿಸಬಹುದು, ಏನನ್ನು ಕೇಳಿಕೊಳ್ಳಬೇಕು ಎಂಬುದು ಈ ಒಂದು ಮನೆಯ ವಿವರದಿಂದಲೇ ಬಹುಮಟ್ಟಿಗೆ ತಿಳಿಯುತ್ತದೆ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ನಮ್ಮ ನಾಯಿ ಆರು ವರ್ಷದ ಹೆಣ್ಣು, ನಮ್ಮದೇ ಬೀದಿಯಲ್ಲಿ ಸಿಕ್ಕಿದ ನಾಡುನಾಯಿ. ಮೈಬಣ್ಣ ಜೋನಿಬೆಲ್ಲದ್ದಾದ್ದರಿಂದ ಹೆಸರು ಜೋನಿ. ಹಿಂದೊಮ್ಮೆ ಅವಳನ್ನು ಒಂದು ಗಿರಿಧಾಮದ ಬಳಿಯ ರೆಸಾರ್ಟಿಗೆ ಕರೆದೊಯ್ದಿದ್ದೆವು. ಅಲ್ಲಿ ಬಾಗಿಲಲ್ಲೇ ಅವಳ ಕೊರಳಿಗೆ ಹೂವಿನ ಪಟ್ಟಿ ಕಟ್ಟಿ ಫೋಟೊ ತೆಗೆದರು, ಕೋಣೆಯಲ್ಲಿ ಅವಳ ಹೆಸರು ಬರೆದ ಬಟ್ಟಲಿತ್ತು, ಮೂಳೆಯ ಆಕಾರದ ದಿಂಬೂ ಇತ್ತು. ಆದರೆ ಹುಲ್ಲುಹಾಸಿನ ಮೇಲೆ ಕಾಲಿಡುವಂತಿರಲಿಲ್ಲ, ಊಟದ ಮನೆಯ ಹತ್ತಿರ ಸುಳಿಯುವಂತಿರಲಿಲ್ಲ, ಕೋಣೆಯಲ್ಲಿ ಒಂಟಿಯಾಗಿ ಬಿಡುವುದಕ್ಕೂ ಅನುಮತಿ ಇರಲಿಲ್ಲ. ಎರಡು ದಿನವೂ ಒಬ್ಬರು ಉಣ್ಣುವಾಗ ಇನ್ನೊಬ್ಬರು ವಾಹನ ನಿಲ್ಲಿಸುವ ಅಂಗಳದಲ್ಲಿ ಅವಳನ್ನು ಹಿಡಿದುಕೊಂಡು ನಿಂತಿದ್ದೆವು. ದುಡ್ಡು ಕೊಟ್ಟು ಕಾವಲು ಕಾದ ಹಾಗಾಯಿತು. ಆದ್ದರಿಂದ ಈ ಸಲ ಹೊರಟಾಗ ನಮ್ಮಲ್ಲಿ ಇದ್ದದ್ದು ಒಂದೇ ಅಳತೆಗೋಲು: ನಾಯಿ ನಿದ್ದೆ ಮಾಡುತ್ತದೆಯೇ? ಹೊಸ ಜಾಗದಲ್ಲಿ ನೆಮ್ಮದಿಯಿಲ್ಲದ ನಾಯಿ ಮಲಗುವುದಿಲ್ಲ, ಸದ್ದು ಬಂದಾಗಲೆಲ್ಲ ಎದ್ದು ಬಾಗಿಲಿಗೆ ಹೋಗುತ್ತದೆ, ಅದು ಎದ್ದರೆ ಮನೆಯವರೂ ಏಳಬೇಕು.

ಜನವರಿಯ ಕೊನೆಯ ವಾರದ ಶುಕ್ರವಾರ ಬೆಳಗಿನ ಐದೂವರೆಗೆ ಹೊರಟೆವು. ಬೆಂಗಳೂರಿನಿಂದ ಸಕಲೇಶಪುರಕ್ಕೆ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನದ ಮೇಲೆ ಸುಮಾರು 220 ಕಿಲೋಮೀಟರ್. ಮನುಷ್ಯರಷ್ಟೇ ಆದರೆ ನಾಲ್ಕೂವರೆ ಗಂಟೆಯ ದಾರಿ, ನಾಯಿ ಇದ್ದರೆ ಆರು ಗಂಟೆ ಎಂದು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಜೋನಿಗೆ ಹಿಂದಿನ ರಾತ್ರಿ ಎಂಟಕ್ಕೆ ಉಣಿಸಿದ ಮೇಲೆ ಏನನ್ನೂ ಕೊಟ್ಟಿರಲಿಲ್ಲ, ಏಕೆಂದರೆ ತುಂಬಿದ ಹೊಟ್ಟೆಯಲ್ಲಿ ಕಾರು ಹತ್ತಿಸಿದರೆ ಕುಣಿಗಲ್ ತಲುಪುವುದರೊಳಗೆ ವಾಂತಿ ಖಂಡಿತ. ಎದೆಪಟ್ಟಿಯನ್ನು ಸೀಟಿನ ಬೆಲ್ಟಿಗೆ ಸಿಕ್ಕಿಸಿ ಕೂರಿಸಿದ್ದೆವು. ಯಡಿಯೂರು ದಾಟಿ ಒಮ್ಮೆ, ಚನ್ನರಾಯಪಟ್ಟಣದಲ್ಲಿ ಒಮ್ಮೆ ನಿಲ್ಲಿಸಿದೆವು. ಹೆದ್ದಾರಿಯ ಹೋಟೆಲುಗಳ ಒಳಗೆ ನಾಯಿಯನ್ನು ಬಿಡುವುದಿಲ್ಲ, ಬಿಡಬೇಕೆಂದು ಕೇಳುವುದೂ ನ್ಯಾಯವಲ್ಲ. ಇಡ್ಲಿ ಕಟ್ಟಿಸಿಕೊಂಡು ಮರದ ನೆರಳಿನಲ್ಲಿ ತಿಂದೆವು. ಜನವರಿಯಲ್ಲೂ ಹತ್ತು ಗಂಟೆಯ ಮೇಲೆ ಗಾಜು ಮುಚ್ಚಿ ನಿಲ್ಲಿಸಿದ ಕಾರು ಕುಲುಮೆಯಂತೆ ಕಾಯುತ್ತದೆ, ಐದು ನಿಮಿಷಕ್ಕೆಂದೂ ಅದರೊಳಗೆ ನಾಯಿಯನ್ನು ಬಿಟ್ಟು ಹೋಗಬಾರದು. ಹಾಸನ ದಾಟಿ ಸುಮಾರು 40 ಕಿಲೋಮೀಟರ್ ಕ್ರಮಿಸಿ ಹೇಮಾವತಿಯ ಸೇತುವೆ ಬರುವ ಹೊತ್ತಿಗೆ ಗಾಳಿಯ ವಾಸನೆಯೇ ಬದಲಾಗಿತ್ತು. ಅಷ್ಟು ಹೊತ್ತೂ ಮುದುಡಿಕೊಂಡಿದ್ದ ಜೋನಿ ಎದ್ದು ಕಿಟಕಿಯ ಸಂದಿಗೆ ಮೂಗು ಹಚ್ಚಿದಳು.

ಸಕಲೇಶಪುರದಿಂದ ಹಾನುಬಾಳಿನ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿ, ಕೊನೆಯ ಎರಡು ಕಿಲೋಮೀಟರ್ ಮಣ್ಣುರಸ್ತೆಯಲ್ಲಿ ಇಳಿದರೆ ಮನೆ. ಕೆಳಮಟ್ಟದ ಕಾರುಗಳ ಹೊಟ್ಟೆ ಒಂದೆರಡು ಕಡೆ ನೆಲಕ್ಕೆ ತಾಗುತ್ತದೆ. ಮೂಲ ಮನೆ ಹಳೆಯದು, ಮಂಗಳೂರು ಹೆಂಚಿನದು, ಮುಂದೆ ಉದ್ದನೆಯ ಜಗಲಿ. ಅತಿಥಿಗಳ ಕೋಣೆಗಳು ಪಕ್ಕದಲ್ಲಿ ಹೊಸದಾಗಿ ಕಟ್ಟಿದ ಸಾಲಿನಲ್ಲಿವೆ. ನಾಯಿಯ ಕೋಣೆ ಸಾಲಿನ ತುದಿಯದು, ನೆಲಮಟ್ಟದಲ್ಲೇ ಇದೆ, ಹಿಂಬಾಗಿಲು ತೆರೆದರೆ ಎದೆಯೆತ್ತರದ ಕಲ್ಲುಗೋಡೆ ಇರುವ ಪುಟ್ಟ ಅಂಗಳ. ನಡುರಾತ್ರಿಯಲ್ಲಿ ನಾಯಿಗೆ ಹೊರಗೆ ಹೋಗಬೇಕೆನ್ನಿಸಿದರೆ ಟಾರ್ಚ್ ಹಿಡಿದು ತೋಟದೊಳಗೆ ಇಳಿಯಬೇಕಿಲ್ಲ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತರೆ ಸಾಕು. ನೆಲಕ್ಕೆ ಕೆಂಪು ಗಾರೆ, ಮಂಚಕ್ಕೆ ಗಟ್ಟಿ ಹತ್ತಿಯ ಹಾಸು, ಮೂಲೆಯಲ್ಲಿ ನಾಯಿಗೆಂದು ಮಡಿಸಿಟ್ಟ ಹಳೆಯ ಕಂಬಳಿ. ಹೆಸರು ಬರೆದ ಬಟ್ಟಲು ಇರಲಿಲ್ಲ. ಕಂಬಳಿಯಲ್ಲಿ ಹಿಂದೆ ಬಂದುಹೋದ ಎಷ್ಟು ನಾಯಿಗಳ ಚರಿತ್ರೆ ಇತ್ತೋ, ಜೋನಿ ಅದನ್ನು ಕಾಲುಗಂಟೆ ಮೂಸಿ ಓದಿ, ಮೂರು ಸುತ್ತು ತಿರುಗಿ, ಅದರ ಮೇಲೆ ಬಿದ್ದುಕೊಂಡಳು.

ಸಾಮಾನು ಇಳಿಸುವ ಮೊದಲೇ ಮನೆಯ ಯಜಮಾನರು ಜಗಲಿಯಲ್ಲಿ ಕೂರಿಸಿ, ಬೆಲ್ಲದ ಕಾಫಿ ಕೊಟ್ಟು, ನಾಲ್ಕು ಮಾತು ಹೇಳಿದರು. ತೋಟದ ಮೂರು ನಾಯಿಗಳೊಂದಿಗೆ ಜೋನಿಯ ಭೇಟಿ ಮನೆಯೆದುರು ಬೇಡ, ಅದು ಅವುಗಳ ಗಡಿ. ರಸ್ತೆಯಲ್ಲಿ ಒಟ್ಟಿಗೆ ನಡೆಸಿಕೊಂಡು ಬಂದರೆ ಜಗಳವಿರುವುದಿಲ್ಲ. ಆಳುಗಳು ಕೆಲಸ ಮಾಡುತ್ತಿರುವ ಕಡೆ ಹಗ್ಗ ಬಿಚ್ಚಬಾರದು. ಕತ್ತಲಾದ ಮೇಲೆ ನಾಯಿ ಹೊರಗಿರಬಾರದು. ಕಣದ ಹತ್ತಿರ ಬಿಡಲೇಬಾರದು. ಮೊದಲನೆಯದನ್ನು ಆಗಲೇ ಮಾಡಿ ತೋರಿಸಿದರು. ತಾವೇ ಎರಡು ನಾಯಿಗಳನ್ನು ಹಿಡಿದು ಮುಂದೆ ನಡೆದರು, ನಾವು ಜೋನಿಯೊಂದಿಗೆ ಇಪ್ಪತ್ತು ಹೆಜ್ಜೆ ಹಿಂದೆ. ಅರ್ಧ ಫರ್ಲಾಂಗ್ ಹೋಗುವಷ್ಟರಲ್ಲಿ ಇಪ್ಪತ್ತು ಹೆಜ್ಜೆ ಐದಾಯಿತು, ಮರಳಿ ಬರುವಾಗ ಮೂರು ನಾಯಿಗಳೂ ಒಂದೇ ಸಾಲಿನಲ್ಲಿದ್ದವು. ಮೂರನೆಯ ನಾಯಿ ಮುದುಕ, ಜಗಲಿಯ ಕೆಳಗಿನಿಂದ ಏಳಲೇ ಇಲ್ಲ. ನಾಯಿಯ ಹೆಸರು ಜೋನಿ ಎಂದು ಕೇಳಿದ ಮನೆಯ ಅಮ್ಮ, ಬೆಲ್ಲದ ಕಾಫಿಗೆ ಬಂದ ನೆಂಟಳು ಎಂದು ನಕ್ಕರು. ಎರಡು ದಿನವೂ ಅವಳನ್ನು ಬೆಲ್ಲ ಎಂದೇ ಕರೆದರು, ಅವಳೂ ಆ ಹೆಸರಿಗೇ ಓಡುತ್ತಿದ್ದಳು.

ಕಣದ ವಿಷಯವನ್ನು ನಾನು ಲಘುವಾಗಿ ತೆಗೆದುಕೊಂಡಿದ್ದೆ. ಕಾಫಿ ಹರಡಿದ ಮೇಲೆ ನಾಯಿ ಓಡಾಡಿದರೆ ಕೊಳೆಯಾಗುತ್ತದೆ ಎಂಬ ಕಾರಣಕ್ಕೆ ಹೇಳಿರಬೇಕು ಎಂದುಕೊಂಡೆ. ಜನವರಿ ಕೊನೆಯೆಂದರೆ ಅರೇಬಿಕಾ ಕೊಯ್ಲು ಮುಗಿದು ರೊಬಸ್ಟಾ ನಡೆಯುವ ಕಾಲ; ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಹರಡಿ, ದಿನಕ್ಕೆ ಹಲವು ಬಾರಿ ಕೈಯಾಡಿಸಿ, ಅಲುಗಾಡಿಸಿದರೆ ಗಲಗಲ ಎನ್ನುವವರೆಗೆ ಒಣಗಿಸಿ ಚೆರಿ ಮಾಡುತ್ತಾರೆ. ಒಣಗುತ್ತಿರುವ ಹಣ್ಣಿನ ಸಿಪ್ಪೆಗೆ ಹುಳಿಬೆರೆತ ಸಿಹಿ ವಾಸನೆ ಇರುತ್ತದೆ. ಶುಕ್ರವಾರ ಸಂಜೆ ಕಣದ ಅಂಚಿನಲ್ಲಿ ನಿಂತು ಸೂರ್ಯಾಸ್ತದ ಫೋಟೊ ತೆಗೆಯುತ್ತಿದ್ದಾಗ ಹಗ್ಗ ಸಡಿಲವಾಯಿತು, ಜೋನಿ ಮೂತಿ ಕೆಳಗೆ ಹಾಕಿದಳು. ನಾನು ನೋಡುವುದರೊಳಗೆ ಅಮ್ಮ ಅತ್ತ ಕಡೆಯಿಂದ ಬಂದು, ಕುಕ್ಕರಗಾಲಿನಲ್ಲಿ ಕುಳಿತು, ಎಡಗೈಯಿಂದ ಅವಳ ಮೇಲ್ದವಡೆ ಹಿಡಿದು, ಬಲಗೈಯ ತೋರುಬೆರಳನ್ನು ಕೆನ್ನೆಯ ಒಳಗೆ ಬಾಗಿಸಿ ಹಾಕಿ, ಮೂರು ಹಣ್ಣು ಹೊರಗೆ ತೆಗೆದರು; ನಾಲ್ಕನೆಯದನ್ನು ಜೋನಿ ನಾಲಿಗೆಯ ಕೆಳಗೆ ಅಡಗಿಸಿಕೊಂಡಿದ್ದಳು, ಅದನ್ನೂ ತೆಗೆದರು. ವರ್ಷಗಟ್ಟಲೆ ಸಾಕಿದ ನನಗೂ ಅವಳು ಬಾಯಿ ಮುಟ್ಟಲು ಬಿಟ್ಟವಳಲ್ಲ. ಆಕೆ ಕೈಯನ್ನು ಸೀರೆಗೆ ಒರೆಸಿಕೊಂಡು, ತಮ್ಮ ಮನೆಯಲ್ಲಿ ಹಿಂದೆ ಒಂದು ಮರಿ ಹೀಗೇ ತಿಂದು ಇಡೀ ರಾತ್ರಿ ನಡುಗಿದ್ದನ್ನು ಹೇಳಿದರು.

ಕೆಫೀನನ್ನು ನಾಯಿಯ ದೇಹ ನಮ್ಮಂತೆ ತಾಳಿಕೊಳ್ಳುವುದಿಲ್ಲ; ಚಡಪಡಿಕೆ, ಎದೆಬಡಿತದ ಏರಿಕೆ, ನಡುಕ, ಹೆಚ್ಚಾದರೆ ಸೆಳವು, ಇನ್ನೂ ಹೆಚ್ಚಾದರೆ ಸಾವು. ಚಾಕೊಲೇಟ್ ಕೊಡಬಾರದೆಂದು ನಾಯಿ ಸಾಕಿದ ಎಲ್ಲರಿಗೂ ಗೊತ್ತು. ಆದರೆ ಕಾಫಿಯ ತೋಟಕ್ಕೇ ನಾಯಿಯನ್ನು ಕರೆದುಕೊಂಡು ಹೋಗುವಾಗ ಕಾಫಿಯ ನೆನಪು ನಮಗೆ ಬಂದಿರಲಿಲ್ಲ! ಈ ಕಾಲದಲ್ಲಿ ತೋಟದ ಮನೆಗೆ ಹೋಗುವವರು ಕಣ ಎಲ್ಲಿದೆ, ಬೇಲಿ ಇದೆಯೇ ಎಂದು ಮೊದಲು ಕೇಳಬೇಕು. ಮುಂಗಾರಿಗೆ ಮುಂಚೆ ಹೋಗುವವರು ಇನ್ನೊಂದನ್ನು ಕೇಳಬೇಕು: ಗಿಡಗಳಿಗೆ ಬೋರ್ಡೋ ದ್ರಾವಣ ಹೊಡೆದು ಎಷ್ಟು ದಿನವಾಯಿತು? ಮೈಲುತುತ್ತ ಮತ್ತು ಸುಣ್ಣದ ಆ ನೀಲಿ ನೀರು ಎಲೆಯ ಮೇಲೆ ಒಣಗಿರುತ್ತದೆ, ಎಲೆಗೆ ಮೈಯುಜ್ಜಿಕೊಂಡು ಬಂದ ನಾಯಿ ಮೈ ನೆಕ್ಕಿಕೊಳ್ಳದೆ ಇರುವುದಿಲ್ಲ.

ರಾತ್ರಿಯ ನಿಯಮಕ್ಕೆ ಕಾರಣ ಚಿರತೆ. ಮಲೆನಾಡಿನ ತೋಟಗಳಲ್ಲಿ ಚಿರತೆಗೆ ಎಲ್ಲಕ್ಕಿಂತ ಸುಲಭದ ಬೇಟೆ ನಾಯಿಯೇ, ಅದರಲ್ಲೂ ಕತ್ತಲಲ್ಲಿ ಧೈರ್ಯ ತೋರಿಸಲು ಮುಂದೆ ಹೋಗಿ ಬೊಗಳುವ ನಾಯಿ. ಏಳು ಗಂಟೆಗೆ ಯಜಮಾನರು ತಮ್ಮ ನಾಯಿಗಳನ್ನು ಕಬ್ಬಿಣದ ಸರಳಿನ ಗೂಡಿನೊಳಗೆ ಕಳಿಸಿ ಚಿಲಕ ಹಾಕಿದರು. ಮುದುಕನ ಕೊರಳಲ್ಲಿ ಹೊರಮುಖವಾಗಿ ಮೊಳೆ ಬಡಿದ ಅಗಲವಾದ ಚರ್ಮದ ಪಟ್ಟಿ ಇತ್ತು. ಚಿರತೆ ಹಿಡಿಯುವುದು ಕುತ್ತಿಗೆಯನ್ನೇ ಆದ್ದರಿಂದ ಆ ಪಟ್ಟಿ. ಅದರ ಎರಡು ಮೊಳೆ ಬಾಗಿದ್ದವು. ಹೇಗೆ ಬಾಗಿದವು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಊಟವಾದ ಮೇಲೆ ಯಜಮಾನರ ಮೊಬೈಲಿಗೆ ಆನೆಗಳ ಹಿಂಡು ಎಲ್ಲಿದೆ ಎಂಬ ಸಂದೇಶ ಬಂತು. ಸಕಲೇಶಪುರ, ಆಲೂರು ಕಡೆಯವರಿಗೆ ಇದು ನಾಳೆ ಮಳೆ ಬರುತ್ತದೋ ಇಲ್ಲವೋ ಎಂದು ತಿಳಿದುಕೊಂಡಷ್ಟೇ ದಿನನಿತ್ಯದ ಸಂಗತಿ. ಹಿಂಡು ದೂರದಲ್ಲಿದೆ, ಬೆಳಿಗ್ಗೆ ಹಳ್ಳದ ದಾರಿಯಲ್ಲಿ ನಡೆಯಲು ಹೋಗಬಹುದು ಎಂದರು. ಆನೆಯನ್ನು ಕಂಡು ಬೊಗಳಿದ ನಾಯಿ ಕೊನೆಗೆ ರಕ್ಷಣೆಗೆಂದು ಓಡಿಬರುವುದು ಯಜಮಾನನ ಕಾಲ ಬುಡಕ್ಕೇ, ಹಿಂದೆಯೇ ಆನೆಯೂ ಬರುತ್ತದೆ. ಆದ್ದರಿಂದ ಸಂದೇಶ ನೋಡದೆ ನಾಯಿಯೊಂದಿಗೆ ತೋಟಕ್ಕೆ ಇಳಿಯಬಾರದು ಎಂಬುದು ಅಲ್ಲಿಯವರು ಅನುಭವದಿಂದ ಕಲಿತದ್ದು.

ಇಷ್ಟೆಲ್ಲ ಕೇಳಿದ ಮೇಲೆ ವಿಶ್ರಾಂತಿ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ನನಗೆ ಅನ್ನಿಸಿದ್ದು ಇದು: ಎಚ್ಚರವಾಗಿರುವ ಕೆಲಸವನ್ನು ನಮಗಿಂತ ಚೆನ್ನಾಗಿ ಬಲ್ಲವರು ಮಾಡುತ್ತಿದ್ದುದರಿಂದಲೇ ನಮಗೆ ನಿದ್ದೆ ಬಂದದ್ದು. ರೆಸಾರ್ಟಿನಲ್ಲಿ ನಮಗೆ ಬಟ್ಟಲು, ದಿಂಬು ಎಲ್ಲ ಕೊಟ್ಟು ಕಾವಲನ್ನು ನಮಗೇ ಬಿಟ್ಟಿದ್ದರು. ಇಲ್ಲಿ ಹಳೆಯ ಕಂಬಳಿ ಕೊಟ್ಟು ಕಾವಲನ್ನು ಅವರು ತೆಗೆದುಕೊಂಡಿದ್ದರು. ಜೋನಿ ಎಂಟೂವರೆಗೆ ಮಲಗಿದವಳು ಬೆಳಗಿನ ಆರಕ್ಕೆ ಹಂಡೆಯ ಒಲೆಗೆ ಸೌದೆ ಒಡೆಯುವ ಸದ್ದಿಗೇ ಎದ್ದದ್ದು. ನಡುವೆ ಒಮ್ಮೆ ದೂರದಲ್ಲಿ ಏನೋ ಕೂಗಿದಾಗ ಕಿವಿ ಎತ್ತಿ, ತೋಟದ ನಾಯಿಗಳು ಗೂಡಿನೊಳಗಿಂದಲೇ ಉತ್ತರ ಕೊಟ್ಟಿದ್ದನ್ನು ಕೇಳಿ, ಮತ್ತೆ ತಲೆ ಇಟ್ಟಳು.

ಶನಿವಾರದ ಬೆಳಗಿನ ನಡಿಗೆಗಾಗಿಯೇ ಇನ್ನೊಮ್ಮೆ ಹೋಗಬಹುದು. ಏಳು ಗಂಟೆಗೆ ಇಬ್ಬನಿ ಇನ್ನೂ ಸಿಲ್ವರ್ ಮರಗಳ ಅರ್ಧದವರೆಗೆ ಇಳಿದಿತ್ತು, ಕಾಳುಮೆಣಸಿನ ಬಳ್ಳಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಯಜಮಾನರ ಕಿರಿಯ ನಾಯಿ ಮುಂದೆ, ಜೋನಿ ಹತ್ತು ಮಾರು ಉದ್ದದ ಹಗ್ಗದಲ್ಲಿ ಹಿಂದೆ, ನಾವು ಅವಳು ನಿಂತಲ್ಲೆಲ್ಲ ನಿಂತು. ನಗರದ ನಡಿಗೆಯಲ್ಲಿ ಅವಳನ್ನು ಎಳೆದುಕೊಂಡು ಹೋಗುವುದೇ ಅಭ್ಯಾಸವಾಗಿದ್ದ ನಮಗೆ, ಒಂದು ಹುತ್ತದ ಮುಂದೆ ಏಳು ನಿಮಿಷ ನಿಲ್ಲುವುದು ಮೊದಲಿಗೆ ಕಷ್ಟವಾಯಿತು, ಆಮೇಲೆ ಅದೇ ಸರಿಯಾದ ವೇಗ ಅನ್ನಿಸಿತು. ಹಂದಿ ಮಣ್ಣು ಕೆದಕಿದ ಕಡೆ ಅವಳ ಬೆನ್ನಿನ ಕೂದಲು ನಿಮಿರಿತು. ಕೆಂದಳಿಲೊಂದು ಮೇಲಿನ ಕೊಂಬೆಯಿಂದ ಬೈದದ್ದಕ್ಕೆ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದಳು. ಹಳ್ಳದಲ್ಲಿ ಜನವರಿಯ ನೀರು ಮೊಣಕಾಲಿಗಿಂತ ಕೆಳಗೇ ಇರುತ್ತದೆ. ಮೊದಲು ಮುಂಗಾಲು ಒಂದನ್ನು ಅದ್ದಿ ತೆಗೆದವಳು, ಇನ್ನೊಂದು ನಾಯಿ ನಡುನೀರಿನಲ್ಲಿ ಮಲಗಿದ್ದನ್ನು ನೋಡಿ ತಾನೂ ಹೋಗಿ ಮಲಗಿದಳು. ಆರು ವರ್ಷದಲ್ಲಿ ಸ್ನಾನದ ಬಕೆಟ್ ಕಂಡರೆ ಮಂಚದ ಕೆಳಗೆ ಸೇರುವ ನಾಯಿ ಇದೇ ಎಂದು ನಂಬಲಾಗಲಿಲ್ಲ. ನೀರಿಗೆ ಬಿಡುವವರು ಹೊರಡುವ ಮುಂಚೆ ಇಲಿಜ್ವರದ ಲಸಿಕೆ ಹಾಕಿಸಿರಬೇಕು, ಹುಚ್ಚುನಾಯಿ ರೋಗದ ಲಸಿಕೆಯ ಚೀಟಿಯನ್ನು ಇಲ್ಲಿ ಹೇಗಿದ್ದರೂ ಕೇಳುತ್ತಾರೆ. ಎಂಟು ಗಂಟೆಗೆ ಕೊಯ್ಲಿನವರು ಟಾರ್ಪಾಲು, ಚೀಲ ಹೊತ್ತು ಬರುವುದರೊಳಗೆ ನಾವು ಹಿಂದಿರುಗಿದ್ದೆವು.

ಊಟದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ಮಲೆನಾಡಿನ ಮನೆಯೂಟ ಹೇಗಿರಬೇಕೋ ಹಾಗಿತ್ತು: ಮೊದಲ ರಾತ್ರಿ ಕಡುಬು ಮತ್ತು ನಾಟಿಕೋಳಿ ಸಾರು, ಬೆಳಿಗ್ಗೆ ಅಕ್ಕಿರೊಟ್ಟಿಗೆ ಎಣ್ಣೆಗಾಯಿ, ಎರಡನೆಯ ದಿನ ಒತ್ತುಶಾವಿಗೆ ಕಾಯಿಹಾಲು. ಶಾವಿಗೆ ಸ್ವಲ್ಪ ಗಟ್ಟಿಯಾಗಿತ್ತು. ಜೋನಿಗೆ ನಾವು ಒಯ್ದಿದ್ದ ಆಹಾರವಿದ್ದರೂ ಅಮ್ಮ ಕೇಳಲಿಲ್ಲ. ಸಾರಿಗೆ ಈರುಳ್ಳಿ ಖಾರ ಬೀಳುವ ಮೊದಲೇ ಒಂದಿಷ್ಟು ಕೋಳಿಯನ್ನು ಬೇರೆ ತೆಗೆದು, ಮೂಳೆ ಬಿಡಿಸಿ, ಉಪ್ಪಿಲ್ಲದ ಅನ್ನಕ್ಕೆ ಕಲಸಿ ಇಟ್ಟಿದ್ದರು. ಈರುಳ್ಳಿ ನಾಯಿಯ ರಕ್ತಕ್ಕೆ ಕೆಟ್ಟದ್ದು, ಬೆಂದ ಕೋಳಿಮೂಳೆ ಚೂಪಾಗಿ ಮುರಿದು ಕರುಳಿಗೆ ಚುಚ್ಚುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೋಳಿ ಹಿಡಿಯುವ ಪ್ರಶ್ನೆಗೆ ಉತ್ತರ ಮಾತ್ರ ಕೊನೆಗೂ ಸಿಗಲಿಲ್ಲ, ಏಕೆಂದರೆ ಎರಡು ದಿನವೂ ಅವನ್ನು ಹೊರಗೆ ಬಿಡಲೇ ಇಲ್ಲ. ಅವು ಕೂಡುಗೂಡಿನೊಳಗಿಂದ ನಮ್ಮನ್ನು ನೋಡುತ್ತಿದ್ದ ರೀತಿ ಸ್ನೇಹದ್ದಾಗಿರಲಿಲ್ಲ.

ಈಗ ದೂರು. ಇಷ್ಟು ತಿಳಿದ ಮನೆಯವರು ಸೋಲಾರ್ ಬೇಲಿಯ ವಿಷಯ ಹೇಳುವುದನ್ನು ಮರೆತಿದ್ದರು. ತರಕಾರಿ ಮಡಿಗಳ ಸುತ್ತ ಹಂದಿ ಬಾರದಂತೆ ಮೊಣಕಾಲೆತ್ತರಕ್ಕೆ ಒಂದು ತಂತಿ ಎಳೆದಿದ್ದರು, ಅದರ ಮುಂದೆ ಸೌತೆಬಳ್ಳಿ ಹಬ್ಬಿದ್ದರಿಂದ ನಮಗೆ ಕಾಣಲಿಲ್ಲ. ಶನಿವಾರ ನಾಲ್ಕು ಗಂಟೆಗೆ ಜೋನಿ ಅಲ್ಲಿ ಮೂಗು ಚಾಚಿದಳು, ಒಂದು ಕಿರುಚು, ಹಗ್ಗ ನನ್ನ ಕೈಯಿಂದ ಕಿತ್ತುಕೊಂಡು ಹೋಯಿತು. ಅದೃಷ್ಟಕ್ಕೆ ಓಡಿದ್ದು ತೋಟದೊಳಕ್ಕಲ್ಲ, ಕೋಣೆಗೆ. ಈ ಬೇಲಿಯಲ್ಲಿ ಹರಿಯುವುದು ಕ್ಷಣಮಾತ್ರದ ಬಿಟ್ಟುಬಿಟ್ಟು ಬರುವ ವಿದ್ಯುತ್ತು, ಹೆದರಿಸುವುದಕ್ಕಿರುವುದೇ ಹೊರತು ಕೊಲ್ಲುವುದಕ್ಕಲ್ಲ. ಆದರೆ ಹೆದರಿದ ನಾಯಿಗೆ ಅದರಿಂದ ಸಮಾಧಾನವಿಲ್ಲ. ಎರಡು ಗಂಟೆ ಮಂಚದ ಕೆಳಗಿಂದ ಬರಲಿಲ್ಲ, ನೀರು ಕುಡಿಯಲಿಲ್ಲ, ನಾನು ಕೈಯಲ್ಲಿ ಹಿಡಿದ ಬಿಸ್ಕತ್ತಿಗೂ ಮುಖ ತಿರುಗಿಸಿದಳು. ಯಜಮಾನರು ಬಂದು, ಹಗಲಿನಲ್ಲಿ ಆರಿಸಿರುತ್ತೇವೆ, ಇವತ್ತು ಯಾರೋ ಹಾಕಿಬಿಟ್ಟಿದ್ದಾರೆ ಎಂದರು, ತಪ್ಪು ತಮ್ಮದೇ ಎಂದೂ ಒಪ್ಪಿಕೊಂಡರು. ಒಪ್ಪಿಕೊಂಡದ್ದು ದೊಡ್ಡತನ; ಆದರೂ ನಾಯಿ ಬರುತ್ತದೆಂದು ಗೊತ್ತಿದ್ದು ದಿನಕ್ಕೆ ಹಣವನ್ನೂ ಪಡೆಯುವ ಮನೆಯಲ್ಲಿ ಆ ತಂತಿಗೆ ಒಂದು ಬಿಳಿ ಬಟ್ಟೆಯ ಚೂರು ಕಟ್ಟುವುದು ಹತ್ತು ನಿಮಿಷದ ಕೆಲಸ. ಭಾನುವಾರ ಬೆಳಿಗ್ಗೆ ಕಟ್ಟಿದ್ದನ್ನು ನೋಡಿದೆವು.

ಸಣ್ಣಪುಟ್ಟ ಕೊರತೆಗಳು ಇನ್ನೂ ಕೆಲವಿವೆ. ಒರೆಸಿದ ಮೇಲೆ ಗಾರೆ ನೆಲ ಜಾರುತ್ತದೆ, ವಯಸ್ಸಾದ ಅಥವಾ ಸೊಂಟದ ನೋವಿರುವ ನಾಯಿಗಳಿಗೆ ಕಷ್ಟ. ಊಟದ ಹೊತ್ತಿಗೆ ನಾಯಿಯನ್ನು ಜಗಲಿಯ ಕಂಬಕ್ಕೆ ಕಟ್ಟಬೇಕೆಂಬ ಮಾತನ್ನು ಎಲೆಯ ಮುಂದೆ ಕೂತ ಮೇಲೆ ಹೇಳಿದರು. ನಿಯಮ ಸರಿಯೇ, ಪಕ್ಕದ ಕೋಣೆಯಲ್ಲಿ ನಾಯಿಗೆ ಹೆದರುವ ಮಗುವಿದ್ದ ಕುಟುಂಬವಿತ್ತು, ಆದರೆ ಫೋನಿನಲ್ಲೇ ಹೇಳಬಹುದಿತ್ತು. ಮೊಬೈಲು ಮಾತಾಡಬೇಕೆಂದರೆ ಕಣದ ಮೂಲೆಗೆ ಹೋಗಬೇಕು. ಪಶುವೈದ್ಯರು ಬೇಕಾದರೆ ಸಕಲೇಶಪುರ ಪೇಟೆಗೇ ಹೋಗಬೇಕು, ಆ ರಸ್ತೆಯಲ್ಲಿ ಮುಕ್ಕಾಲು ಗಂಟೆ. ಆದ್ದರಿಂದ ನಿಮ್ಮ ವೈದ್ಯರನ್ನು ಕೇಳಿ ವಾಂತಿ, ಭೇದಿ, ಅಲರ್ಜಿಯ ಔಷಧಿಗಳನ್ನು ಮೊದಲೇ ಕಟ್ಟಿಕೊಳ್ಳುವುದು ಕಡ್ಡಾಯ ಎಂದೇ ಹೇಳುತ್ತೇನೆ.

ಖರ್ಚು: ಒಬ್ಬರಿಗೆ ದಿನಕ್ಕೆ 2,800 ರೂಪಾಯಿ, ಮೂರು ಹೊತ್ತಿನ ಊಟ ಮತ್ತು ಕಾಫಿ ಸೇರಿ, ನಾಯಿಗೆ ದಿನಕ್ಕೆ 400. ನಮ್ಮಿಬ್ಬರಿಗೂ ಜೋನಿಗೂ ಎರಡು ದಿನಕ್ಕೆ ಒಟ್ಟು 12,000 ಆಯಿತು. ಆ ರೆಸಾರ್ಟಿನಲ್ಲಿ ಒಂದೇ ರಾತ್ರಿಗೆ ಇದಕ್ಕಿಂತ ಹೆಚ್ಚು ತೆತ್ತಿದ್ದೆವು. ನಾಯಿಯ 400ರಲ್ಲಿ ಊಟವೂ ಸೇರಿದೆ, ಹೊರಡುವಾಗ ಕೋಣೆ ಶುಚಿಗೊಳಿಸುವುದಕ್ಕೆಂದು ಬೇರೆ ಕೇಳಲಿಲ್ಲ.

ಸುತ್ತಾಡಲು ಹೋಗುವವರಿಗೆ ಒಂದು ಮಾತು. ನಾಯಿ ಜೊತೆಗಿದ್ದರೆ ಈ ಕಡೆಯ ಪ್ರವಾಸದ ಪಟ್ಟಿಯಲ್ಲಿ ಹೆಚ್ಚಿನದನ್ನು ಹೊಡೆದುಹಾಕಬೇಕಾಗುತ್ತದೆ. ಅರಣ್ಯ ಇಲಾಖೆಯ ಚಾರಣದ ದಾರಿಗಳಿಗೆ ಸಾಕುನಾಯಿಯನ್ನು ಒಯ್ಯುವ ಯೋಚನೆಯನ್ನೇ ಬಿಡಬೇಕು, ಅಲ್ಲಿನ ಪ್ರಾಣಿಗಳ ದೃಷ್ಟಿಯಿಂದ ಅದೇ ಸರಿ. ಭಾನುವಾರ ಹಿಂದಿರುಗುವ ಮುನ್ನ ಮಂಜರಾಬಾದ್ ಕೋಟೆಗೆ ಹೋದೆವು. 1792ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿ ಮುಗಿಸಿದ, ಎಂಟು ಮೂಲೆಯ ನಕ್ಷತ್ರದ ಆಕಾರದ ಈ ಕೋಟೆ ಮಂಗಳೂರಿನ ಹೆದ್ದಾರಿಯ ಪಕ್ಕದಲ್ಲೇ ಇದೆ. ಮೊದಲು ನಮ್ಮವರು ಮೆಟ್ಟಿಲು ಹತ್ತಿ ಬಂದರು, ಆಮೇಲೆ ನಾನು. ಜೋನಿ ಎರಡೂ ಸಲ ಕೆಳಗೆ ಮರದ ನೆರಳಿನಲ್ಲಿ ಕೂತು ಎಳನೀರಿನವರ ಸ್ನೇಹ ಸಂಪಾದಿಸಿದಳು. ನಕ್ಷತ್ರ ಪೂರ್ತಿ ಕಾಣಬೇಕೆಂದರೆ ಆಕಾಶದಿಂದಲೇ ನೋಡಬೇಕು, ನೆಲದಿಂದ ಗೋಡೆಗಳ ಮಡಿಕೆಗಳಷ್ಟೇ ಗೊತ್ತಾಗುವುದು. ಒಳಗಿನ ಕಮಾನಿನ ಕೋಣೆಗಳ ತಂಪು ಮಾತ್ರ ಬಿಸಿಲಿನಲ್ಲಿ ಹತ್ತಿದ್ದಕ್ಕೆ ಸಾರ್ಥಕ.

ಹೊರಡುವ ಮುಂಚೆ ಅಮ್ಮ ಜೋನಿಯನ್ನು ಜಗಲಿಯಲ್ಲಿ ಮಲಗಿಸಿಕೊಂಡು ಉಣ್ಣೆ ಹುಡುಕಿದ್ದರು: ಕಿವಿಯ ಮಡಿಕೆ, ಕಂಕುಳು, ಬಾಲದ ಬುಡ, ಬೆರಳುಗಳ ಸಂದಿ, ಇದೇ ಕ್ರಮದಲ್ಲಿ. ಚಳಿಗಾಲದಿಂದ ಬೇಸಿಗೆಯವರೆಗೆ ಮಲೆನಾಡಿನಲ್ಲಿ ಇದು ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಮನುಷ್ಯರಿಗೆ ಬರುವುದು ಉಣ್ಣೆಯ ಕಡಿತದಿಂದ. ನಾಯಿಗಳಿಗೆ ಬೇರೆಯದೇ ಉಣ್ಣೆಜ್ವರಗಳಿವೆ. ನಾವು ಹೊರಡುವ ಐದು ದಿನ ಮುಂಚೆ ಜೋನಿಗೆ ಉಣ್ಣೆಯ ಗುಳಿಗೆ ನುಂಗಿಸಿದ್ದೆವು, ನಡಿಗೆಗೆ ಹೋಗುವಾಗ ನಾವೂ ಉದ್ದ ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿಕೊಂಡಿದ್ದೆವು. ಆ ಹುಡುಕಾಟದಲ್ಲಿ ಸಿಕ್ಕಿದ್ದು ಎರಡು, ಎರಡೂ ಗುಳಿಗೆಯ ಪ್ರಭಾವಕ್ಕೆ ಆಗಲೇ ಸತ್ತಿದ್ದವು. ಅಮ್ಮ ಅವನ್ನು ಚಿಮುಟದಿಂದ ಕಿತ್ತು ಒಲೆಗೆ ಹಾಕಿದರು; ಬೆರಳಿನಲ್ಲಿ ಹೊಸಕಬಾರದೆಂದು ಎರಡು ಸಲ ಹೇಳಿದರು. ಮೂರನೆಯದು ಬುಧವಾರ ಬೆಂಗಳೂರಿನಲ್ಲಿ, ಎಡ ಹಿಂಗಾಲಿನ ಬೆರಳುಸಂದಿಯಲ್ಲಿ ಸಿಕ್ಕಿತು.

ಮಳೆಗಾಲದಲ್ಲಿ ಈ ಕಡೆಗೆ ನಾಯಿಯೊಂದಿಗೆ ಹೋಗುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಇಂಬಳಗಳು ಮನುಷ್ಯನ ಕಾಲಿಗೆ ಹತ್ತಿದರೆ ಕಿತ್ತು ಬಿಸಾಡಬಹುದು, ನಾಯಿಯ ಮೂಗಿನ ಹೊಳ್ಳೆಗೆ ಹೊಕ್ಕರೆ ಏನು ಮಾಡುವುದು? ಹೂಮಳೆ ಬಿದ್ದ ಮೇಲಿನ ವಾರ, ಇಡೀ ತೋಟ ಬೆಳ್ಳಗೆ ಅರಳಿ ಮಲ್ಲಿಗೆಯಂತೆ ಘಮಘಮಿಸುವಾಗ ಬರಬೇಕೆಂದು ಯಜಮಾನರು ಹೇಳಿದ್ದರು. ಮಾರ್ಚ್ ಮಧ್ಯದಲ್ಲಿ ಕರೆ ಮಾಡಿದಾಗ ಮಳೆ ಇನ್ನೂ ಬಂದಿಲ್ಲ, ಯಾವಾಗ ಬರುತ್ತದೋ ಅವರಿಗೂ ಗೊತ್ತಿಲ್ಲ ಎಂದರು. ತುದಿಯ ಕೋಣೆ ಏಪ್ರಿಲ್ ಎರಡನೆಯ ವಾರದವರೆಗೆ ಬೇರೊಂದು ನಾಯಿಗೆ ಹೋಗಿತ್ತು. ಮೂರನೆಯ ವಾರಕ್ಕೆ ಬರೆಸಿದ್ದೇವೆ. ಫೋನ್ ಇಡುವ ಮುಂಚೆ ಅಮ್ಮ, ಬೆಲ್ಲನಿಗೆ ತಂತಿಯ ನೆನಪಿದೆಯಾ ಎಂದು ಕೇಳಿದರು.